ಅರವತ್ತರ ದಶಕದ ಆ ದನಿಗಳು: ಹಾಡಿದವರು ಯಾರು, ಹೆಸರು ಯಾರಿಗೆ?



ಹಳೆಯ ಇಂಗ್ಲಿಷ್ ಹಾಡುಗಳನ್ನು ಕೇಳಿ ಬೆಳೆದ ನಾಲ್ಕು ಜನ ಒಂದೆಡೆ ಸೇರಿದರೆ ಒಂದು ವಾದ ಶುರುವಾಗಿಯೇ ತೀರುತ್ತದೆ. ಅರವತ್ತರ ದಶಕದ ಮೊದಲ ಮೂರು ನಾಲ್ಕು ವರ್ಷಗಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡಿದವರು ಯಾರು? ಒಬ್ಬರು ರಾಯ್ ಆರ್ಬಿಸನ್ ಎನ್ನುತ್ತಾರೆ. ಇನ್ನೊಬ್ಬರು ಸ್ಯಾಮ್ ಕುಕ್ ಬಿಟ್ಟರೆ ಇಲ್ಲ ಎನ್ನುತ್ತಾರೆ. ಮೂರನೆಯವರು ರೇ ಚಾರ್ಲ್ಸ್ ಪಕ್ಷ. ಮೂಲೆಯಲ್ಲಿ ಕುಳಿತ ನಾಲ್ಕನೆಯವರಿಗೆ ಕ್ಲಿಫ್ ರಿಚರ್ಡ್ ಹೆಸರು ಹೇಳದಿದ್ದರೆ ಸಿಟ್ಟೇ ಬರುತ್ತದೆ. ಕಾಫಿ ಆರಿ ತಣ್ಣಗಾದರೂ ವಾದ ಮುಗಿಯುವುದಿಲ್ಲ.

ಕನ್ನಡ ಕಾರ್ಯಕ್ರಮದ ಪತ್ರಿಕೆಯಲ್ಲಿ ಈ ವಿಷಯ ಯಾಕೆ ಎಂದು ನೀವು ಕೇಳಬಹುದು. ಕಾರಣವಿದೆ. ಈ ಹಾಡುಗಳು ನಮ್ಮಲ್ಲಿ ಅನೇಕರ ಮನೆಗೆ ಬಂದದ್ದು ರೇಡಿಯೋ ಮೂಲಕವೇ. 1952ರಲ್ಲಿ ಬಿ.ವಿ. ಕೇಸ್ಕರ್ ಅವರು ವಾರ್ತಾ ಮತ್ತು ಪ್ರಸಾರ ಖಾತೆಯ ಸಚಿವರಾದ ಮೇಲೆ ಆಕಾಶವಾಣಿಯಲ್ಲಿ ಸಿನಿಮಾ ಹಾಡುಗಳು ವಿರಳವಾದವು. ದೇಶದ ಕೇಳುಗರು ಶಾರ್ಟ್‌ವೇವ್ ಮುಳ್ಳು ತಿರುಗಿಸಿ ಕೊಲಂಬೊದ ರೇಡಿಯೋ ಸಿಲೋನ್ ಹಿಡಿದರು. ಅಲ್ಲಿ ಅಮೀನ್ ಸಯಾನಿಯವರ ಹಿಂದಿ ‘ಗೀತ್‌ಮಾಲಾ’ ಇದ್ದಂತೆಯೇ ಇಂಗ್ಲಿಷ್ ಪಾಪ್ ಹಾಡುಗಳ ಕಾರ್ಯಕ್ರಮಗಳೂ ಇದ್ದವು. ಹೀಗೆ ಸಿನಿಮಾ ಹಾಡು ಹುಡುಕಿಕೊಂಡು ಹೋದ ಕಿವಿಗೆ ದೂರದ ದನಿಗಳೂ ಬಿದ್ದವು. ಅದೂ ಅಲ್ಲದೆ ಆ ಲೋಕಕ್ಕೂ ನಮ್ಮ ಊರುಗಳಿಗೂ ನೇರ ನಂಟಿದೆ. ಕ್ಲಿಫ್ ರಿಚರ್ಡ್ ಹುಟ್ಟಿದ್ದು 1940ರಲ್ಲಿ, ಲಖನೌದಲ್ಲಿ. ರಿಂಗೋ ಸ್ಟಾರ್‌ಗಿಂತ ಮೊದಲು, 1962ರವರೆಗೆ ಬೀಟಲ್ಸ್ ತಂಡದ ಡ್ರಮ್ಮರ್ ಆಗಿದ್ದ ಪೀಟ್ ಬೆಸ್ಟ್ ಹುಟ್ಟಿದ್ದು 1941ರಲ್ಲಿ, ಮದ್ರಾಸಿನಲ್ಲಿ. ಚೆನ್ನೈ ಶ್ರೋತೃಗಳು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಈ ಸಲ ಆ ವಾದವನ್ನೇ ಸ್ವಲ್ಪ ಬಿಡಿಸಿ ನೋಡೋಣ. ಯಾರು ಶ್ರೇಷ್ಠ ಎಂದು ತೀರ್ಪು ಕೊಡುವುದು ನಮ್ಮ ಉದ್ದೇಶವಲ್ಲ. ಆ ವರ್ಷಗಳಲ್ಲಿ ಹಾಡು ಹೇಗೆ ತಯಾರಾಗುತ್ತಿತ್ತು, ದನಿ ಯಾರದಾಗಿತ್ತು, ಹೆಸರು ಮತ್ತು ಹಣ ಯಾರ ಪಾಲಿಗೆ ಹೋಯಿತು ಎನ್ನುವುದು ಗೊತ್ತಾದರೆ ಅದೇ ಹಾಡು ಬೇರೆ ರೀತಿ ಕೇಳಿಸುತ್ತದೆ.

ಖಾಲಿ ಕಾಲ ಎನ್ನುವ ತಪ್ಪು ಕಲ್ಪನೆ

ರಾಕ್ ಸಂಗೀತದ ಇತಿಹಾಸವನ್ನು ಚುಟುಕಾಗಿ ಹೇಳುವವರು 1959ರಿಂದ 1963ರವರೆಗಿನ ಕಾಲವನ್ನು ‘ಖಾಲಿ ಕಾಲ’ ಎಂದು ದಾಟಿಸಿಬಿಡುತ್ತಾರೆ. ಅದಕ್ಕೆ ಅವರು ಕೊಡುವ ಕಾರಣಗಳು ಸುಳ್ಳೇನಲ್ಲ. ಲಿಟಲ್ ರಿಚರ್ಡ್ 1957ರಲ್ಲಿ ರಾಕ್ ಬಿಟ್ಟು ದೇವರ ಕೆಲಸಕ್ಕೆ ಹೋದರು. ಎಲ್ವಿಸ್ ಪ್ರೆಸ್ಲಿ 1958ರ ಮಾರ್ಚ್‌ನಲ್ಲಿ ಸೈನ್ಯ ಸೇರಿದರು, ವಾಪಸು ಬಂದದ್ದು 1960ಕ್ಕೆ. 1959ರ ಫೆಬ್ರವರಿ 3ರಂದು ಅಯೋವಾ ರಾಜ್ಯದಲ್ಲಿ ಸಣ್ಣ ವಿಮಾನವೊಂದು ಬಿದ್ದು ಬಡ್ಡಿ ಹಾಲಿ, ರಿಚಿ ವ್ಯಾಲೆನ್ಸ್, ಬಿಗ್ ಬಾಪರ್ ಮೂವರೂ ತೀರಿಕೊಂಡರು. ಅದೇ ಪ್ರವಾಸದಲ್ಲಿದ್ದ ಡಿಯಾನ್ ಎಂಬ ಯುವಕ ಆ ವಿಮಾನ ಹತ್ತಲಿಲ್ಲ. ಟಿಕೆಟ್ಟಿಗೆ 36 ಡಾಲರ್, ಅಪ್ಪ ಅಮ್ಮ ತಿಂಗಳಿಗೆ ಕಟ್ಟುತ್ತಿದ್ದ ಮನೆಬಾಡಿಗೆಯೂ ಅಷ್ಟೇ, ಅಷ್ಟೊಂದು ಹಣ ಖರ್ಚು ಮಾಡಲು ಮನಸ್ಸು ಬರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಎರಡು ವರ್ಷದ ನಂತರ, 1961ರಲ್ಲಿ ಅವರ ‘ರನ್‌ಅರೌಂಡ್ ಸೂ’ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಬಂತು.

ಆಮೇಲೆ 1964ರ ಫೆಬ್ರವರಿ 9ರಂದು ಬೀಟಲ್ಸ್ ಅಮೆರಿಕದ ಟಿವಿಯಲ್ಲಿ ಕಾಣಿಸಿಕೊಂಡರು. ಸುಮಾರು 7 ಕೋಟಿ 30 ಲಕ್ಷ ಜನ ನೋಡಿದರು ಎಂದು ಲೆಕ್ಕ. ಅಲ್ಲಿಂದ ಹೊಸ ಕಾಲ ಶುರು. ಹಾಗಾದರೆ ನಡುವೆ ಏನೂ ಇರಲಿಲ್ಲವೇ?

ಇದಕ್ಕೆ ಬೀಟಲ್ಸ್ ಅವರೇ ಸಾಕ್ಷಿ. 1963ರ ಮಾರ್ಚ್‌ನಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನ 14 ಹಾಡುಗಳಲ್ಲಿ 6 ಅವರದಲ್ಲ. ಎರಡು ಷಿರೆಲ್ಸ್ ಎಂಬ ಹುಡುಗಿಯರ ತಂಡ ಹಾಡಿದ್ದವು. ಒಂದು ಆರ್ಥರ್ ಅಲೆಕ್ಸಾಂಡರ್ ಅವರದು, ಒಂದು ಕುಕೀಸ್ ತಂಡದ್ದು. ಕೊನೆಯದು, ಜಾನ್ ಲೆನನ್ ಗಂಟಲು ಹರಿಯುವಂತೆ ಹಾಡಿದ ‘ಟ್ವಿಸ್ಟ್ ಅಂಡ್ ಶೌಟ್’. ಅದು ಐಸ್ಲಿ ಬ್ರದರ್ಸ್ 1962ರಲ್ಲಿ ಜನಪ್ರಿಯಗೊಳಿಸಿದ್ದು. ತಮ್ಮ ‘ಪ್ಲೀಸ್ ಪ್ಲೀಸ್ ಮಿ’ ಹಾಡನ್ನು ರಾಯ್ ಆರ್ಬಿಸನ್ ಶೈಲಿಯಲ್ಲಿ ಬರೆಯಲು ಹೊರಟಿದ್ದಾಗಿ ಲೆನನ್ ಹೇಳಿದ್ದುಂಟು. ಖಾಲಿ ಎಂದು ನಾವು ಕರೆಯುವ ಕಾಲವೇ ಬೀಟಲ್ಸ್‌ಗೆ ಪಾಠಶಾಲೆಯಾಗಿತ್ತು.

ರೇಡಿಯೋ ಮುಖ ತೋರಿಸುವುದಿಲ್ಲ

ಆಗಿನ ಅಮೆರಿಕವನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ದಕ್ಷಿಣದ ರಾಜ್ಯಗಳಲ್ಲಿ ಕರಿಯರಿಗೂ ಬಿಳಿಯರಿಗೂ ಬೇರೆ ಶಾಲೆ, ಬೇರೆ ಹೋಟೆಲು, ನೀರು ಕುಡಿಯುವ ನಲ್ಲಿ ಕೂಡ ಬೇರೆ. ಆದರೆ ರೇಡಿಯೋ ಅಲೆಗೆ ಬೇಲಿ ಹಾಕಲು ಯಾರಿಂದಲೂ ಆಗಲಿಲ್ಲ. ನ್ಯಾಶ್‌ವಿಲ್ ನಗರದ ಡಬ್ಲ್ಯೂಎಲ್‌ಎಸಿ ಕೇಂದ್ರ 50,000 ವಾಟ್ ಶಕ್ತಿಯಲ್ಲಿ ರಾತ್ರಿ ಹೊತ್ತು ಕರಿಯರ ರಿದಮ್ ಅಂಡ್ ಬ್ಲೂಸ್ ಹಾಡುಗಳನ್ನು ಪ್ರಸಾರ ಮಾಡುತ್ತಿತ್ತು. ರಾತ್ರಿಯಲ್ಲಿ ಮೀಡಿಯಂ ವೇವ್ ಅಲೆಗಳು ಬಹಳ ದೂರ ಹೋಗುತ್ತವೆ ಎನ್ನುವುದು ನಮ್ಮ ಹಳೆಯ ಶ್ರೋತೃಗಳಿಗೆ ಗೊತ್ತೇ ಇದೆ. 1954ರಲ್ಲಿ ಮಾರುಕಟ್ಟೆಗೆ ಬಂದ ಟ್ರಾನ್ಸಿಸ್ಟರ್, ಆ ದಶಕ ಮುಗಿಯುವಷ್ಟರಲ್ಲಿ ಜಪಾನಿನ ಕಂಪನಿಗಳಿಂದಾಗಿ ಅಗ್ಗವಾಗಿತ್ತು. ಬಿಳಿಯರ ಮನೆಯ ಹುಡುಗ ದಿಂಬಿನ ಕೆಳಗೆ ಟ್ರಾನ್ಸಿಸ್ಟರ್ ಇಟ್ಟುಕೊಂಡು ಕರಿಯ ಗಾಯಕರನ್ನು ಕೇಳುತ್ತಿದ್ದ. ಹಾಲಿನಲ್ಲಿದ್ದ ಅಪ್ಪನಿಗೆ ಗೊತ್ತಾಗುತ್ತಿರಲಿಲ್ಲ.

ಇದರ ಫಲ ಒಂದು ವಿಚಿತ್ರ ರೀತಿಯಲ್ಲಿ ಕಂಡುಬಂತು. ‘ಬಿಲ್‌ಬೋರ್ಡ್’ ಪತ್ರಿಕೆ ಜನಪ್ರಿಯ ಹಾಡುಗಳ ‘ಹಾಟ್ 100’ ಪಟ್ಟಿಯನ್ನು 1958ರ ಆಗಸ್ಟ್‌ನಿಂದ ಪ್ರಕಟಿಸುತ್ತಿತ್ತು. ಕರಿಯ ಕೇಳುಗರು ಮೆಚ್ಚಿದ ಹಾಡುಗಳಿಗೆ ಬೇರೊಂದು ಪಟ್ಟಿ ಇತ್ತು. 1963ರ ನವೆಂಬರ್ ಕೊನೆಯಲ್ಲಿ ಈ ಎರಡನೆಯ ಪಟ್ಟಿಯನ್ನು ಪತ್ರಿಕೆ ನಿಲ್ಲಿಸಿತು. ಎರಡೂ ಪಟ್ಟಿಗಳಲ್ಲಿ ಹೆಚ್ಚುಕಡಿಮೆ ಅವೇ ಹಾಡುಗಳು ಬರುತ್ತಿದ್ದವು! 1965ರ ಜನವರಿಯಲ್ಲಿ ಅದನ್ನು ಮತ್ತೆ ಶುರುಮಾಡಬೇಕಾಯಿತು. ಆ ಸ್ವಲ್ಪ ಕಾಲವಾದರೂ ಕಿವಿಗಳು ಒಂದಾಗಿದ್ದವು. ಬಾಗಿಲುಗಳು ಮಾತ್ರ ಬೇರೆಬೇರೆಯಾಗಿಯೇ ಇದ್ದವು.

ರೇಡಿಯೋದವರೆಲ್ಲ ಪುಣ್ಯವಂತರೇನೂ ಆಗಿರಲಿಲ್ಲ. ರೆಕಾರ್ಡ್ ಕಂಪನಿಗಳಿಂದ ಹಣ ಪಡೆದು ಹಾಡು ಹಾಕುವ ಪದ್ಧತಿಗೆ ‘ಪೇಯೋಲಾ’ ಎಂದು ಹೆಸರು. 1960ರಲ್ಲಿ ಅಮೆರಿಕದ ಸಂಸತ್ತು ಅದರ ವಿಚಾರಣೆ ನಡೆಸಿತು. ‘ರಾಕ್ ಅಂಡ್ ರೋಲ್’ ಎಂಬ ಹೆಸರನ್ನು ಮನೆಮಾತಾಗಿಸಿದ ಉದ್ಘೋಷಕ ಅಲನ್ ಫ್ರೀಡ್ ಅದಕ್ಕೂ ಮೊದಲೇ, 1959ರಲ್ಲಿ, ಕೆಲಸ ಕಳೆದುಕೊಂಡಿದ್ದರು. ಮೈಕಿನ ಮುಂದೆ ಕೂರುವ ನಾವು ಮರೆಯಬಾರದ ಕಥೆ ಇದು.

ಸ್ಯಾಮ್ ಕುಕ್: ಎರಡು ಹೆಸರಿನ ಒಂದು ದನಿ

1931ರಲ್ಲಿ ಮಿಸಿಸಿಪಿಯಲ್ಲಿ ಹುಟ್ಟಿ ಷಿಕಾಗೋದಲ್ಲಿ ಬೆಳೆದ ಸ್ಯಾಮ್ ಕುಕ್ ಪಾದ್ರಿಯ ಮಗ. ಹತ್ತೊಂಬತ್ತು ಇಪ್ಪತ್ತರ ಹರೆಯದಲ್ಲಿಯೇ ‘ಸೋಲ್ ಸ್ಟರರ್ಸ್’ ಎಂಬ ಪ್ರಸಿದ್ಧ ಭಕ್ತಿಗೀತೆ ತಂಡದ ಮುಖ್ಯ ಗಾಯಕರಾದರು. ಚರ್ಚಿನಲ್ಲಿ ಹಾಡುವವರು ಪ್ರೇಮಗೀತೆ ಹಾಡಿದರೆ ಭಕ್ತರು ಕ್ಷಮಿಸುತ್ತಿರಲಿಲ್ಲ. ಅದಕ್ಕೇ ಅವರ ಮೊದಲ ಪಾಪ್ ರೆಕಾರ್ಡಿನ ಮೇಲೆ ‘ಡೇಲ್ ಕುಕ್’ ಎಂಬ ಸುಳ್ಳು ಹೆಸರು ಬಂತು. ಆದರೆ ಹೆಸರು ಬದಲಾಯಿಸಿದರೆ ದನಿ ಬದಲಾದೀತೇ? ಕೇಳಿದವರು ತಕ್ಷಣ ಗುರುತು ಹಿಡಿದರು. 1957ರಲ್ಲಿ ಸ್ವಂತ ಹೆಸರಿನಲ್ಲಿಯೇ ‘ಯು ಸೆಂಡ್ ಮಿ’ ಹಾಡಿ ದೇಶಕ್ಕೆಲ್ಲ ಮೊದಲಿಗರಾದರು.

ಕುಕ್ ಅವರ ಹಾಡುಗಾರಿಕೆ ಕೇಳಲು ಬಹಳ ಸುಲಭ, ಹಾಡಲು ಬಹಳ ಕಷ್ಟ. ಒಂದೇ ಅಕ್ಷರವನ್ನು ನಾಲ್ಕೈದು ಸ್ವರಗಳ ಮೇಲೆ ಮೆಲ್ಲಗೆ ಜಾರಿಸುತ್ತಾರೆ. ನಮ್ಮ ಕಿವಿಗೆ ಅದು ಗಮಕದ ನೆನಪು ತರುತ್ತದೆ. ಶ್ರಮ ಎಲ್ಲಿಯೂ ಕಾಣುವುದಿಲ್ಲ.

ಹಾಡುವುದರ ಜೊತೆಗೆ ಅವರು ಲೆಕ್ಕವನ್ನೂ ಕಲಿತರು. ಸಂಗೀತ ವ್ಯಾಪಾರದಲ್ಲಿ ಎರಡು ಬಗೆಯ ಆಸ್ತಿ ಇರುತ್ತದೆ. ಹಾಡಿನ ಸಾಹಿತ್ಯ ಮತ್ತು ರಾಗದ ಹಕ್ಕು ಒಂದು. ಧ್ವನಿಮುದ್ರಣದ, ಅಂದರೆ ಮೂಲ ಟೇಪಿನ ಹಕ್ಕು ಇನ್ನೊಂದು. ಹಾಡಿದವರಿಗೆ ಸಾಮಾನ್ಯವಾಗಿ ಎರಡೂ ಇರುತ್ತಿರಲಿಲ್ಲ. ಕುಕ್ ಗೆಳೆಯ ಜೆ.ಡಬ್ಲ್ಯೂ. ಅಲೆಕ್ಸಾಂಡರ್ ಜೊತೆ ಸೇರಿ ಸ್ವಂತ ಪ್ರಕಾಶನ ಸಂಸ್ಥೆಯನ್ನೂ ‘ಸಾರ್’ ಎಂಬ ರೆಕಾರ್ಡ್ ಕಂಪನಿಯನ್ನೂ ನಡೆಸಿದರು. ಆ ಕಾಲದ ಕರಿಯ ಗಾಯಕನೊಬ್ಬನಿಗೆ ಇದು ಸಣ್ಣ ಮಾತಲ್ಲ.

1963ರ ಅಕ್ಟೋಬರಿನಲ್ಲಿ ಲೂಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್ ನಗರದ ಒಂದು ಮೋಟೆಲಿನಲ್ಲಿ ಅವರು ಮೊದಲೇ ಫೋನ್ ಮಾಡಿ ಕೋಣೆ ಕಾದಿರಿಸಿದ್ದರು. ಹೆಂಡತಿಯೊಡನೆ ಹೋಗಿ ನಿಂತಾಗ ಕೋಣೆ ಇಲ್ಲ ಎಂದರು. ಕುಕ್ ಜಗಳವಾಡಿದರು. ಪೊಲೀಸರು ಬಂಧಿಸಿದ್ದು ಅವರನ್ನೇ. ಫೋನಿನಲ್ಲಿ ದನಿ ಕೇಳಿದಾಗ ಸಿಕ್ಕಿದ್ದ ಕೋಣೆ ಮುಖ ಕಂಡಾಗ ಸಿಗಲಿಲ್ಲ. ದೇಶವೆಲ್ಲ ರೇಡಿಯೋದಲ್ಲಿ ಕೇಳಿ ಮೆಚ್ಚಿದ ದನಿಯ ಗತಿ ಇದು.

1964ರ ಜನವರಿಯಲ್ಲಿ ಅವರು ‘ಎ ಚೇಂಜ್ ಈಸ್ ಗಾನಾ ಕಮ್’ ಹಾಡನ್ನು ಮುದ್ರಿಸಿದರು. ಬಾಬ್ ಡಿಲನ್ ಎಂಬ ಬಿಳಿಯ ಹುಡುಗ ಇಂಥ ಹಾಡು ಬರೆದಿರುವಾಗ ತಾನೇಕೆ ಬರೆದಿಲ್ಲ ಎಂಬ ಚುಚ್ಚುಮಾತು ಅವರ ಮನಸ್ಸಿನಲ್ಲಿತ್ತು. ಅದೇ ಡಿಸೆಂಬರ್ 11ರಂದು ಲಾಸ್ ಏಂಜಲೀಸಿನಲ್ಲಿ ಗುಂಡೇಟಿಗೆ ಸಿಕ್ಕಿ ತೀರಿಕೊಂಡಾಗ ಅವರಿಗೆ 33 ವರ್ಷ. ಹಾಡು ಸಿಂಗಲ್ ಆಗಿ ಬಂದದ್ದು ಅದಾದ ಮೇಲೆ. ರೇಡಿಯೋಗೆಂದು ಮಾಡಿದ ಆ ಪ್ರತಿಯಲ್ಲಿ ಒಂದು ಚರಣವನ್ನು ಕತ್ತರಿಸಿದ್ದರು. ಸಿನಿಮಾಕ್ಕೆ, ಪೇಟೆಗೆ ಹೋದರೆ ಅಲ್ಲಿ ನಿಲ್ಲಬೇಡ ಎಂದು ಹೇಳಿಸಿಕೊಳ್ಳುವ ಚರಣವದು. ಇದನ್ನು ಕೇಳುವಾಗ ಆ ಚರಣ ಇರುವ ಆಲ್ಬಮ್ ಪ್ರತಿಯನ್ನೇ ಕೇಳಿ.

ರೇ ಚಾರ್ಲ್ಸ್: ಟೇಪು ತನ್ನದಾಗಬೇಕೆಂದವರು

1930ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಹುಟ್ಟಿದ ರೇ ಚಾರ್ಲ್ಸ್ ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡರು. ಚರ್ಚಿನ ಹಾಡಿನ ಬಿಸಿಯನ್ನೂ ಬ್ಲೂಸ್ ಹಾಡಿನ ಲೌಕಿಕವನ್ನೂ ಕಲಸಿ ಅವರು ಕಟ್ಟಿದ ಶೈಲಿಗೆ ಮುಂದೆ ‘ಸೋಲ್’ ಎಂಬ ಹೆಸರು ನಿಂತಿತು. 1959ರ ಕೊನೆಯಲ್ಲಿ ಹಳೆಯ ಕಂಪನಿ ಬಿಟ್ಟು ಎಬಿಸಿ ಪ್ಯಾರಾಮೌಂಟ್ ಸೇರುವಾಗ ಅವರು ಹಾಕಿದ ಷರತ್ತು ಆ ಕಾಲಕ್ಕೆ ಅಪರೂಪದ್ದು. ಮೂಲ ಟೇಪುಗಳು ಕೊನೆಗೆ ತನ್ನವಾಗಬೇಕು ಎಂದರು, ಕಂಪನಿ ಒಪ್ಪಿತು.

1960ರಲ್ಲಿ ‘ಜಾರ್ಜಿಯಾ ಆನ್ ಮೈ ಮೈಂಡ್’ ಮೊದಲ ಸ್ಥಾನಕ್ಕೆ ಬಂತು. ಮರುವರ್ಷ ಅದೇ ಜಾರ್ಜಿಯಾದ ಅಗಸ್ಟಾ ನಗರದಲ್ಲಿ ಅವರ ಕಾರ್ಯಕ್ರಮವಿತ್ತು. ಪ್ರೇಕ್ಷಕರನ್ನು ಬಣ್ಣ ನೋಡಿ ಬೇರೆಬೇರೆ ಕೂರಿಸುತ್ತಾರೆಂದು ತಿಳಿದು ಹಾಡಲು ಒಲ್ಲೆ ಎಂದರು. ಒಪ್ಪಂದ ಮುರಿದದ್ದಕ್ಕೆ ಸಂಘಟಕರಿಗೆ ಪರಿಹಾರ ಕಟ್ಟಬೇಕಾಯಿತು, ಕಟ್ಟಿದರು. 2004ರ ‘ರೇ’ ಚಿತ್ರ ನೋಡಿದವರಿಗೆ ಒಂದು ತಿದ್ದುಪಡಿ ಹೇಳಬೇಕು. ಆ ರಾಜ್ಯ ಅವರಿಗೆ ಬಹಿಷ್ಕಾರ ಹಾಕಿತೆಂದು ಸಿನಿಮಾ ತೋರಿಸುತ್ತದೆ, ವಾಸ್ತವದಲ್ಲಿ ಅಂಥ ಬಹಿಷ್ಕಾರ ಇರಲಿಲ್ಲ. 1979ರಲ್ಲಿ ಅದೇ ಹಾಡನ್ನು ಜಾರ್ಜಿಯಾ ತನ್ನ ರಾಜ್ಯಗೀತೆ ಮಾಡಿಕೊಂಡಿತು.

1962ರಲ್ಲಿ ಅವರು ಬಿಳಿಯರ ಹಳ್ಳಿ ಸಂಗೀತವೆಂದೇ ಹೆಸರಾದ ‘ಕಂಟ್ರಿ’ ಹಾಡುಗಳ ಆಲ್ಬಮ್ ಮಾಡಿದರು. ಅದರ ‘ಐ ಕಾಂಟ್ ಸ್ಟಾಪ್ ಲವಿಂಗ್ ಯು’ ಐದು ವಾರ ಮೊದಲ ಸ್ಥಾನದಲ್ಲಿ ನಿಂತಿತು. ಹಾಡಿಗೆ ಜಾತಿ ಇಲ್ಲ ಎಂದು ಭಾಷಣ ಮಾಡುವುದಕ್ಕಿಂತ ಇದು ಬಲವಾದ ಉತ್ತರ.

ಹಾಡಿನ ಹಿಂದಿನ ಕೋಣೆಗಳು

ಆ ಕಾಲದಲ್ಲಿ ಹೆಚ್ಚಿನ ಗಾಯಕರು ತಮ್ಮ ಹಾಡು ತಾವೇ ಬರೆಯುತ್ತಿರಲಿಲ್ಲ. ನ್ಯೂಯಾರ್ಕಿನ ಬ್ರಾಡ್‌ವೇ ರಸ್ತೆಯಲ್ಲಿ ಬ್ರಿಲ್ ಬಿಲ್ಡಿಂಗ್ ಮತ್ತು ಅದರ ಆಸುಪಾಸಿನ ಕಟ್ಟಡಗಳ ಸಣ್ಣ ಸಣ್ಣ ಕೋಣೆಗಳಲ್ಲಿ, ಒಂದು ಪಿಯಾನೊ ಒಂದು ಕುರ್ಚಿ ಇಟ್ಟುಕೊಂಡು, ಹರೆಯದ ಜೋಡಿಗಳು ಕಚೇರಿ ಕೆಲಸದಂತೆ ಹಾಡು ಕಟ್ಟುತ್ತಿದ್ದರು. ಅವರಲ್ಲಿ ಒಬ್ಬಾಕೆ ಕ್ಯಾರಲ್ ಕಿಂಗ್. 1960ರಲ್ಲಿ ಗಂಡ ಜೆರಿ ಗಾಫಿನ್ ಜೊತೆ ‘ವಿಲ್ ಯು ಲವ್ ಮಿ ಟುಮಾರೊ’ ಬರೆದಾಗ ಆಕೆಗೆ 18 ವರ್ಷ. ಅದನ್ನು ಹಾಡಿದವರು ನ್ಯೂಜೆರ್ಸಿಯ ಪಸೇಕ್ ಊರಿನ ನಾಲ್ವರು ಶಾಲಾ ಗೆಳತಿಯರು, ಷಿರೆಲ್ಸ್. 1961ರ ಜನವರಿಯಲ್ಲಿ ಅದು ಮೊದಲ ಸ್ಥಾನಕ್ಕೆ ಬಂತು. ಕರಿಯ ಹುಡುಗಿಯರ ತಂಡವೊಂದು ‘ಹಾಟ್ 100’ರಲ್ಲಿ ಆ ಸ್ಥಾನ ಪಡೆದದ್ದು ಅದೇ ಮೊದಲು. ಷರ್ಲಿ ಓವೆನ್ಸ್ ಅವರ ದನಿ ಅಲ್ಲಲ್ಲಿ ಸ್ವಲ್ಪ ಅಲುಗುತ್ತದೆ. ನಾಳೆಯೂ ಈ ಪ್ರೀತಿ ಇರುತ್ತದೆಯೇ ಎಂದು ಕೇಳುವ ಹುಡುಗಿಗೆ ಆ ಅಲುಗಾಟವೇ ಸರಿ.

ಹಣದ ಕಥೆ ಮಾತ್ರ ಬೇರೆ. ನಿಮ್ಮ ಪಾಲಿನ ಹಣ ಠೇವಣಿಯಲ್ಲಿದೆ, 21 ತುಂಬಿದ ಮೇಲೆ ಸಿಗುತ್ತದೆ ಎಂದು ಅವರಿಗೆ ಹೇಳಲಾಗಿತ್ತು. ವಯಸ್ಸು ತುಂಬಿದಾಗ ಅಂಥ ಠೇವಣಿಯೇ ಇಲ್ಲ ಎಂದು ತಿಳಿಯಿತು ಎಂಬುದು ಗಾಯಕಿಯರ ದೂರು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಆ ಜಗಳದ ವರ್ಷಗಳಲ್ಲಿ ತಂಡದ ಜನಪ್ರಿಯತೆ ಕರಗಿಹೋಯಿತು.

‘ಡ್ರಿಫ್ಟರ್ಸ್’ ತಂಡದ ಕಥೆ ಇನ್ನೂ ವಿಚಿತ್ರ. ಆ ಹೆಸರು ಗಾಯಕರದ್ದಲ್ಲ, ಮ್ಯಾನೇಜರದ್ದು! 1958ರಲ್ಲಿ ಆತ ಇದ್ದ ಗಾಯಕರನ್ನೆಲ್ಲ ತೆಗೆದುಹಾಕಿ ‘ಫೈವ್ ಕ್ರೌನ್ಸ್’ ಎಂಬ ಬೇರೆಯೇ ತಂಡವನ್ನು ಕರೆತಂದು, ಇನ್ನು ನೀವೇ ಡ್ರಿಫ್ಟರ್ಸ್ ಎಂದ. ಹಾಗೆ ಬಂದವರಲ್ಲಿ ಬೆನ್ ಇ. ಕಿಂಗ್ ಒಬ್ಬರು. ಅವರು ಹಾಡಿದ ‘ಸೇವ್ ದ ಲಾಸ್ಟ್ ಡ್ಯಾನ್ಸ್ ಫಾರ್ ಮಿ’ 1960ರಲ್ಲಿ ಮೊದಲ ಸ್ಥಾನಕ್ಕೆ ಬರುವ ಹೊತ್ತಿಗೆ ಸಂಬಳದ ವಿಷಯದಲ್ಲಿ ಮನಸ್ತಾಪವಾಗಿ ಅವರು ತಂಡ ಬಿಟ್ಟಾಗಿತ್ತು.

ಆ ಹಾಡು ಬರೆದ ಡಾಕ್ ಪೋಮಸ್ ಅವರಿಗೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿತ್ತು. ಊರುಗೋಲಿಲ್ಲದೆ ನಿಲ್ಲುವಂತಿರಲಿಲ್ಲ. ಅವರ ಮದುವೆಯ ದಿನ ಹೆಂಡತಿ ಅತಿಥಿಗಳೊಡನೆ ನರ್ತಿಸುತ್ತಿದ್ದರು, ಇವರು ಕುಳಿತು ನೋಡುತ್ತಿದ್ದರು. ಆ ನೆನಪಿನಿಂದ ಹುಟ್ಟಿದ ಸಾಹಿತ್ಯವದು. ಯಾರ ಜೊತೆ ಬೇಕಾದರೂ ಕುಣಿ, ಕೊನೆಯಲ್ಲಿ ಮನೆಗೆ ಬರುವುದು ನನ್ನ ಜೊತೆ ಎನ್ನುವ ಭಾವ. ಇದು ಗೊತ್ತಾದ ಮೇಲೆ ಅದು ಬರೀ ಕುಣಿತದ ಹಾಡಾಗಿ ಕೇಳಿಸುವುದಿಲ್ಲ. ಡ್ರಿಫ್ಟರ್ಸ್ ಬಿಟ್ಟ ಬೆನ್ ಇ. ಕಿಂಗ್ 1961ರಲ್ಲಿ ಸ್ವಂತ ಹೆಸರಿನಲ್ಲಿ ಹಾಡಿದ ‘ಸ್ಟ್ಯಾಂಡ್ ಬೈ ಮಿ’ ನಿಮ್ಮ ಮಕ್ಕಳಿಗೂ ಗೊತ್ತಿರುತ್ತದೆ.

ಡಾರ್ಲೀನ್ ಲವ್: ತನ್ನ ಹಾಡು ರೇಡಿಯೋದಲ್ಲಿ ಕೇಳಿದಾಗ

ಹೆಸರಿನ ಅನ್ಯಾಯಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗಲಾರದು. 1962ರಲ್ಲಿ ‘ಹಿ ಈಸ್ ಎ ರೆಬೆಲ್’ ಎಂಬ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಬಂತು. ರೆಕಾರ್ಡಿನ ಮೇಲಿದ್ದ ಹೆಸರು ‘ಕ್ರಿಸ್ಟಲ್ಸ್’. ನಿರ್ಮಾಪಕ ಫಿಲ್ ಸ್ಪೆಕ್ಟರ್ ಲಾಸ್ ಏಂಜಲೀಸಿನಲ್ಲಿದ್ದರು, ಕ್ರಿಸ್ಟಲ್ಸ್ ಹುಡುಗಿಯರು ದೇಶದ ಇನ್ನೊಂದು ತುದಿಯಲ್ಲಿದ್ದರು. ಬೇರೆ ಕಂಪನಿಯೂ ಅದೇ ಹಾಡನ್ನು ಮುದ್ರಿಸುತ್ತಿತ್ತು, ಕಾಯುವಷ್ಟು ಸಮಯವಿರಲಿಲ್ಲ. ಸ್ಪೆಕ್ಟರ್ ಅಲ್ಲೇ ಇದ್ದ ‘ಬ್ಲಾಸಮ್ಸ್’ ಎಂಬ ಹಿನ್ನೆಲೆ ಗಾಯಕಿಯರನ್ನು ಕರೆದು, ಡಾರ್ಲೀನ್ ಲವ್ ಅವರಿಂದ ಹಾಡಿಸಿ, ಕ್ರಿಸ್ಟಲ್ಸ್ ಹೆಸರಿನಲ್ಲಿ ಬಿಡುಗಡೆ ಮಾಡಿದರು. ನಿಜವಾದ ಕ್ರಿಸ್ಟಲ್ಸ್‌ಗೆ ‘ತಮ್ಮ’ ಹಾಡು ಜನಪ್ರಿಯವಾಗಿದೆ ಎಂದು ಗೊತ್ತಾದದ್ದೇ ಆಮೇಲೆ. ತಾವು ಹಾಡದ ಹಾಡನ್ನು ವೇದಿಕೆಯಲ್ಲಿ ಕಲಿತು ಹಾಡಬೇಕಾಯಿತು. ಇಬ್ಬರಿಗೂ ಅನ್ಯಾಯವೇ.

ನಮ್ಮಲ್ಲಿಯೂ ಇಂಥದೊಂದು ನಡೆದಿತ್ತು. 1949ರ ‘ಮಹಲ್’ ಚಿತ್ರದ ಪ್ರಸಿದ್ಧ ಹಾಡಿನ ರೆಕಾರ್ಡಿನ ಮೇಲೆ ಗಾಯಕಿಯ ಬದಲು ಪಾತ್ರದ ಹೆಸರು ‘ಕಾಮಿನಿ’ ಎಂದು ಅಚ್ಚಾಗಿತ್ತು. ಯಾರಿವರು ಎಂದು ಕೇಳುಗರು ರೇಡಿಯೋ ಕೇಂದ್ರಕ್ಕೆ ಪತ್ರದ ಮೇಲೆ ಪತ್ರ ಬರೆದರು. ಆಗ ಹೊರಬಂದ ಹೆಸರು ಲತಾ ಮಂಗೇಶ್ಕರ್.

ಡಾರ್ಲೀನ್ ಲವ್ ಅವರಿಗೆ ಹಾಗೆ ಕೇಳುವ ಶ್ರೋತೃಗಳು ಆಗ ಸಿಗಲಿಲ್ಲ. ಮುಂದೆ ಕೆಲಸವಿಲ್ಲದ ದಿನಗಳಲ್ಲಿ ಅವರು ಬೇರೆಯವರ ಮನೆ ಸ್ವಚ್ಛ ಮಾಡುತ್ತಿದ್ದರು. ಒಂದು ಕ್ರಿಸ್ಮಸ್ ಕಾಲದಲ್ಲಿ ಹಾಗೆ ಕೆಲಸ ಮಾಡುತ್ತಿರುವಾಗ, 1963ರಲ್ಲಿ ತಾವೇ ಹಾಡಿದ ಕ್ರಿಸ್ಮಸ್ ಹಾಡು ಆ ಮನೆಯ ರೇಡಿಯೋದಲ್ಲಿ ಬಂತು. ನನ್ನ ಜಾಗ ಇದಲ್ಲ, ಅದು ಎಂದು ಆ ಕ್ಷಣ ಅನಿಸಿತು ಎಂದು ಅವರು ಹಲವು ಸಲ ಹೇಳಿದ್ದಾರೆ. ಮತ್ತೆ ಹಾಡಲು ಹೊರಟರು. 1990ರ ದಶಕದಲ್ಲಿ ಬಾಕಿ ರಾಯಲ್ಟಿಗಾಗಿ ಮೊಕದ್ದಮೆ ಹೂಡಿ ಗೆದ್ದರು. 2011ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರ ಹೆಸರು ಸೇರಿಸಿಕೊಂಡಿತು. ಹಿನ್ನೆಲೆ ಗಾಯಕಿಯರನ್ನು ಕುರಿತ ‘20 ಫೀಟ್ ಫ್ರಮ್ ಸ್ಟಾರ್‌ಡಮ್’ ಸಾಕ್ಷ್ಯಚಿತ್ರದಲ್ಲಿ ಅವರ ಕಥೆ ಇದೆ. ಆ ಚಿತ್ರಕ್ಕೆ 2014ರಲ್ಲಿ ಆಸ್ಕರ್ ಬಂತು.

ಆರ್ಬಿಸನ್ ಮತ್ತು ಡೆಟ್ರಾಯಿಟಿನ ಮನೆ

ರಾಯ್ ಆರ್ಬಿಸನ್ ಪಕ್ಷದವರಿಗೆ ಬೇಸರವಾಗುವ ಮುಂಚೆ ಅವರ ಮಾತಿಗೆ ಬರೋಣ. ಟೆಕ್ಸಸ್‌ನ ಈ ಮನುಷ್ಯ ವೇದಿಕೆಯಲ್ಲಿ ಅಲುಗಾಡದೆ ನಿಲ್ಲುತ್ತಿದ್ದರು. ಕುಣಿತವಿಲ್ಲ, ನಗೆಯಿಲ್ಲ. ಗೆಳೆಯ ಜೋ ಮೆಲ್ಸನ್ ಜೊತೆ ಬರೆದ ‘ಓನ್ಲಿ ದ ಲೋನ್ಲಿ’ಯನ್ನು ಮೊದಲು ಬೇರೆಯವರಿಗೆ ಕೊಡಲು ನೋಡಿದರು, ಯಾರೂ ತೆಗೆದುಕೊಳ್ಳಲಿಲ್ಲ. 1960ರಲ್ಲಿ ತಾವೇ ಹಾಡಿ ಪ್ರಸಿದ್ಧರಾದರು. 1961ರ ‘ರನ್ನಿಂಗ್ ಸ್ಕೇರ್ಡ್’ ಹಾಡನ್ನು ಗಮನವಿಟ್ಟು ಕೇಳಿ. ಅದರಲ್ಲಿ ಪಲ್ಲವಿಯೇ ಇಲ್ಲ. ಮೆಲ್ಲಗೆ ಶುರುವಾಗಿ ಹಂತಹಂತವಾಗಿ ಏರುತ್ತಾ ಕೊನೆಯ ಒಂದು ಸ್ವರದ ಮೇಲೆ ನಿಲ್ಲುತ್ತದೆ. ಮುದ್ರಣದ ವೇಳೆ ಆ ಸ್ವರವನ್ನು ಕಳ್ಳದನಿಯಲ್ಲಿ ಹಾಡಿದಾಗ ವಾದ್ಯಗಳ ನಡುವೆ ಮುಳುಗಿಹೋಯಿತು. ಮುಂದಿನ ಸಲ ತುಂಬುಕಂಠದಲ್ಲಿಯೇ ಅಲ್ಲಿಗೆ ಏರಿದರು, ವಾದ್ಯದವರು ಬೆರಗಾದರು. 2003ರ ‘ಕಲ್ ಹೋ ನಾ ಹೋ’ ಚಿತ್ರದ ‘ಪ್ರೆಟಿ ವುಮನ್’ ಹಾಡಿಗೆ ಮೂಲ ಇವರ 1964ರ ಹಾಡೇ.

ಇತ್ತ ಡೆಟ್ರಾಯಿಟಿನಲ್ಲಿ ಬೆರಿ ಗಾರ್ಡಿ ಎಂಬ ಕರಿಯ ಯುವಕ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಕಂಪನಿ ಶುರುಮಾಡಿದರು. ಅದೇ ಮುಂದೆ ಮೋಟೌನ್ ಎಂದು ಹೆಸರಾಯಿತು. ಹಿಂದೆ ಕಾರು ಕಾರ್ಖಾನೆಯಲ್ಲಿ ದುಡಿದಿದ್ದ ಅವರು ಹಾಡನ್ನೂ ಅದೇ ಶಿಸ್ತಿನಿಂದ ಜೋಡಿಸಿದರು. ಕಾರಿನ ರೇಡಿಯೋದಲ್ಲಿ ಹೇಗೆ ಕೇಳಿಸುತ್ತದೆಂದು ಸಣ್ಣ ಸ್ಪೀಕರಿನಲ್ಲಿ ಪರೀಕ್ಷಿಸುತ್ತಿದ್ದರು. ಸ್ಮೋಕಿ ರಾಬಿನ್ಸನ್ ತಂಡದ ‘ಷಾಪ್ ಅರೌಂಡ್’ ಆಗಲೇ ಬಿಡುಗಡೆಯಾಗಿತ್ತು. ಆದರೂ ವೇಗ ಸಾಲದೆಂದು ನಡುರಾತ್ರಿ ಮೂರಕ್ಕೆ ಫೋನ್ ಮಾಡಿ ಎಲ್ಲರನ್ನೂ ಕರೆಸಿ ಮತ್ತೆ ಹಾಡಿಸಿದರು. ಕಂಪನಿಗೆ ಹತ್ತು ಲಕ್ಷ ಪ್ರತಿ ಮಾರಿದ ಮೊದಲ ಹಾಡು ಅದಾಯಿತು. 1961ರಲ್ಲಿ ಮಾರ್ವೆಲೆಟ್ಸ್ ಹುಡುಗಿಯರ ‘ಪ್ಲೀಸ್ ಮಿಸ್ಟರ್ ಪೋಸ್ಟ್‌ಮನ್’ ಮೊದಲ ಸ್ಥಾನ ತಂದುಕೊಟ್ಟಿತು. ಆದರೆ ಆ ಆಲ್ಬಮ್ಮಿನ ಹೊದಿಕೆಯ ಮೇಲೆ ಗಾಯಕಿಯರ ಚಿತ್ರವಿರಲಿಲ್ಲ, ಒಂದು ಅಂಚೆ ಡಬ್ಬಿ ಇತ್ತು. ಮಾಲೀಕರು ಕರಿಯರೇ ಆಗಿದ್ದರೂ ಅಂಗಡಿಯ ಕಪಾಟಿನಲ್ಲಿ ಮುಖಕ್ಕಿಂತ ಡಬ್ಬಿಯೇ ಕ್ಷೇಮವೆನಿಸುವ ಕಾಲವದು.

ಮರಳಿ ಬಂದ ದನಿಗಳು

1964ರ ಏಪ್ರಿಲ್ ಮೊದಲ ವಾರದಲ್ಲಿ ಅಮೆರಿಕದ ಪಟ್ಟಿಯ ಮೊದಲ ಐದೂ ಹಾಡು ಬೀಟಲ್ಸ್‌ದೇ. ಅದಕ್ಕೂ ಸ್ವಲ್ಪ ಮೊದಲು, 17 ವರ್ಷದ ಲೆಸ್ಲಿ ಗೋರ್ ಹಾಡಿದ ‘ಯು ಡೋಂಟ್ ಓನ್ ಮಿ’ ಎರಡನೆಯ ಸ್ಥಾನದವರೆಗೆ ಬಂದು ಅವರ ಹಾಡಿನ ಕೆಳಗೆ ಸಿಕ್ಕಿಕೊಂಡಿತ್ತು. ನಾನು ಯಾರ ಸ್ವತ್ತೂ ಅಲ್ಲ ಎನ್ನುವ ಆ ಹಾಡಿಗೆ ಈಗಲೂ ವಯಸ್ಸಾಗಿಲ್ಲ.

ಒಳ್ಳೆಯ ದನಿ ಸುಮ್ಮನೆ ಹೋಗುವುದಿಲ್ಲ ಎನ್ನಲು ಇತ್ತೀಚಿನ ಎರಡು ಉದಾಹರಣೆ ಸಾಕು. 1960ರಲ್ಲಿ ‘ಐ ಆಮ್ ಸಾರಿ’ ಹಾಡಿ ಗೆದ್ದಿದ್ದ ಬ್ರೆಂಡಾ ಲೀ, 1958ರಲ್ಲಿ ಮುದ್ರಿಸಿದ್ದ ಕ್ರಿಸ್ಮಸ್ ಹಾಡು 2023ರ ಡಿಸೆಂಬರಿನಲ್ಲಿ ‘ಹಾಟ್ 100’ರ ಮೊದಲ ಸ್ಥಾನಕ್ಕೆ ಬಂತು. ಕಾನಿ ಫ್ರಾನ್ಸಿಸ್ ಅವರು 1962ರಲ್ಲಿ ಹಾಡಿದ್ದ ‘ಪ್ರೆಟಿ ಲಿಟಲ್ ಬೇಬಿ’ 2025ರಲ್ಲಿ ಮೊಬೈಲ್ ವಿಡಿಯೊಗಳ ಮೂಲಕ ಹದಿಹರೆಯದವರ ಬಾಯಿಗೆ ಬಿತ್ತು. ಅದೇ ವರ್ಷದ ಜುಲೈನಲ್ಲಿ ತಮ್ಮ 87ನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಮುನ್ನ ಅವರು ಅದನ್ನು ಕಣ್ಣಾರೆ ಕಂಡರು.

ಆದರೆ ಆ ವಿಡಿಯೊಗಳಿಗೆ ತುಟಿ ಆಡಿಸಿದ ಎಷ್ಟು ಮಕ್ಕಳಿಗೆ ಹಾಡಿದವರ ಹೆಸರು ಗೊತ್ತು? ಈ ಪ್ರಶ್ನೆಯೇ ನಮ್ಮನ್ನು ಮೊದಲಿನ ವಾದಕ್ಕೆ ಮರಳಿ ಕರೆತರುತ್ತದೆ.

ಆಕಾಶವಾಣಿ ಕೇಳಿ ಬೆಳೆದ ನಮಗೆಲ್ಲ ಒಂದು ಕ್ರಮ ನೆನಪಿದೆ. ಹಾಡು ಬರುವ ಮೊದಲು ಉದ್ಘೋಷಕರು ನಿಧಾನವಾಗಿ ಹೇಳುತ್ತಿದ್ದರು: ಚಿತ್ರ ಇಂಥದು, ಸಾಹಿತ್ಯ ಇವರದು, ಸಂಗೀತ ಇವರದು, ಹಾಡಿದವರು ಇವರು. ಹಾಡಿಗೆ ಕಾತರಿಸುತ್ತಿದ್ದ ಚಿಕ್ಕವರಿಗೆ ಅದು ಬೇಸರ ತರುತ್ತಿತ್ತು. ಡಾರ್ಲೀನ್ ಲವ್ ಕಥೆ ತಿಳಿದ ಮೇಲೆ ಆ ನಾಲ್ಕು ಸಾಲಿನ ಬೆಲೆ ಗೊತ್ತಾಗುತ್ತದೆ. ದನಿಗೆ ಹೆಸರು ಸೇರಿಸಿ ಹೇಳುವುದು ಹಾಡಿದವರಿಗೆ ಸಲ್ಲಬೇಕಾದ ಮೊದಲ ಸಂಭಾವನೆ. ಅದಕ್ಕೆ ದುಡ್ಡು ಖರ್ಚಾಗುವುದಿಲ್ಲ.

ಹಾಗಾಗಿ ಈ ಭಾನುವಾರ ಮನೆಯ ಹಿರಿಯರನ್ನು ಕೂರಿಸಿಕೊಂಡು ಈ ಹಾಡುಗಳನ್ನು ಕೇಳಿ. ಸ್ಯಾಮ್ ಕುಕ್‌ರಿಂದ ಶುರುಮಾಡಿ, ಷಿರೆಲ್ಸ್ ಕೇಳಿ, ‘ಕ್ರಿಸ್ಟಲ್ಸ್’ ಎಂದು ಬರೆದಿರುವಲ್ಲಿ ಡಾರ್ಲೀನ್ ಲವ್ ದನಿ ಗುರುತಿಸಿ, ಆರ್ಬಿಸನ್ ಅವರ ಆ ಕೊನೆಯ ಸ್ವರಕ್ಕೆ ಕಾಯಿರಿ. ಆಮೇಲೆ ವಾದ ಮಾಡಿ. ಯಾರು ಶ್ರೇಷ್ಠರೆಂದು ಒಪ್ಪದಿದ್ದರೂ ಪರವಾಗಿಲ್ಲ, ಹಾಡಿಗೆ ಮುಂಚೆ ಹಾಡಿದವರ ಹೆಸರು ಹೇಳುವುದನ್ನು ಮರೆಯಬೇಡಿ. ನಮ್ಮ ಕಾರ್ಯಕ್ರಮದಲ್ಲಿ ನಾವು ಎಲ್ಲಾದರೂ ಮರೆತರೆ ತಪ್ಪದೆ ಪತ್ರ ಬರೆದು ಕೇಳಿ. ಲತಾ ಅವರ ಹೆಸರು ಹೊರಬಂದದ್ದು ಅಂಥ ಪತ್ರಗಳಿಂದಲೇ.